16 ಪಂದ್ಯ, 8 ಸರಿ: ಗೆಲ್ಲೋರ್ಯಾರು ಅಂತ ಹೇಳೋಕೆ ಹೋದವನ ಕಥೆ

2023ರ ಸೆಪ್ಟೆಂಬರ್ 12, ಮಂಗಳವಾರ ಬೆಳಿಗ್ಗೆ. ಅಮೆರಿಕದ ಮಿಲ್ವಾಕಿಯಲ್ಲಿರೋ ನಮ್ಮ ಆಫೀಸಿನ ಕಾಫಿ ಮಷಿನ್ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿದ್ದರು. 21 ಜನರ ಹೆಸರು, ಪ್ರತಿ ಹೆಸರಿನ ಮುಂದೆ ಅಂಕ. ನನ್ನ ಹೆಸರು ಕೆಳಗಿನಿಂದ ಮೂರನೇದು. ಆ ವಾರದ 16 ಫುಟ್‌ಬಾಲ್ ಪಂದ್ಯಗಳಲ್ಲಿ ಯಾರು ಗೆಲ್ತಾರೆ ಅಂತ ಮೊದಲೇ ಬರೆದು ಕೊಟ್ಟಿದ್ದೆ. ಸರಿಯಾಗಿದ್ದು 8. ಒಂದು ನಾಣ್ಯ ಚಿಮ್ಮಿಸಿ ಬರೆದಿದ್ದರೂ ಹೆಚ್ಚು ಕಡಿಮೆ ಅಷ್ಟೇ ಬರುತ್ತಿತ್ತು.

ನಾಚಿಕೆ ಆಗಿದ್ದು ಎಂಟಕ್ಕಲ್ಲ. ಆ ಎಂಟಕ್ಕೋಸ್ಕರ ನಾನು ಎರಡು ವಾರಾಂತ್ಯ ಕೂತು ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆದಿದ್ದೆ. ಹಳೇ ಸೀಸನ್‌ಗಳ ಸ್ಕೋರು ತುಂಬಿ, ಗ್ರಾಫ್ ಬಿಡಿಸಿ, ಊಟದ ಹೊತ್ತಲ್ಲಿ ನಾಲ್ಕು ಜನರಿಗೆ ತೋರಿಸಿ ಬೇರೆ ಬಂದಿದ್ದೆ. ಕಂಪ್ಯೂಟರಿನ ಸಹವಾಸವೇ ಇಲ್ಲದೆ ಪೆನ್ನಿನಲ್ಲಿ ಟಿಕ್ ಹಾಕಿ ಕೊಟ್ಟ ನಮ್ಮ ಟೆಸ್ಟಿಂಗ್ ಟೀಮಿನ ಹಿರಿಯ ಹೆಂಗಸೊಬ್ಬರಿಗೆ 11 ಸರಿ ಬಂದಿತ್ತು. "ನಿನ್ನ ಕಂಪ್ಯೂಟರಿಗೆ ಹುಷಾರಿಲ್ವಾ?" ಅಂತ ಕೇಳಿದರು. ನಾನು ನಕ್ಕೆ. ಬೇರೆ ದಾರಿ ಇರಲಿಲ್ಲ.

ಆ ಹಾಳೆಯ ಫೋಟೋ ತೆಗೆದಿಟ್ಟುಕೊಂಡೆ, ಸುಮ್ಮನೆ ತಮಾಷೆಗೆ. ಎರಡು ತಿಂಗಳಾದ ಮೇಲೆ ಅದನ್ನೇ ತಿಪಟೂರಿಗೆ ವಾಟ್ಸ್ಆ್ಯಪ್ ಮಾಡಬೇಕಾಗುತ್ತೆ ಅಂತ ಆಗ ಅಂದುಕೊಂಡಿರಲಿಲ್ಲ. ಆ ಕಥೆಗೆ ಆಮೇಲೆ ಬರ್ತೀನಿ.

ಆಟ ಗೊತ್ತಿಲ್ಲದವರಿಗೆ ಎರಡು ನಿಮಿಷ

ಅಮೆರಿಕದವರು ಫುಟ್‌ಬಾಲ್ ಅನ್ನೋದು ನಾವು ಹೇಳೋ ಫುಟ್‌ಬಾಲ್ ಅಲ್ಲ. ಮೊಟ್ಟೆ ಆಕಾರದ ಚೆಂಡು, ತಲೆಗೆ ಹೆಲ್ಮೆಟ್, ಒಂದೊಂದು ಕಡೆ 11 ಜನ. ಚೆಂಡು ಕೈಯಲ್ಲಿರೋ ತಂಡ ನಾಲ್ಕು ಪ್ರಯತ್ನದಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ. ಎದುರಾಳಿಯ ಕೊನೆ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ. ಅದಾದ ಮೇಲೆ ಕಂಬಗಳ ಮಧ್ಯೆ ಒದ್ದರೆ ಇನ್ನೊಂದು. ದೂರದಿಂದಲೇ ಒದ್ದು ಕಂಬಗಳ ಮಧ್ಯೆ ಕಳಿಸಿದರೆ 3. ಚೆಂಡು ಎಸೆಯೋ ಕ್ವಾರ್ಟರ್‌ಬ್ಯಾಕ್ ಇಡೀ ತಂಡದ ಮುಖ್ಯ ಆಟಗಾರ.

ಎನ್‌ಎಫ್‌ಎಲ್ ಅನ್ನೋ ಲೀಗಿನಲ್ಲಿ 32 ತಂಡಗಳಿವೆ. 18 ವಾರಗಳಲ್ಲಿ ಒಂದೊಂದು ತಂಡ 17 ಪಂದ್ಯ ಆಡುತ್ತೆ, ಒಂದು ವಾರ ರಜೆ. ಯಾರಿಗೂ ರಜೆ ಇಲ್ಲದ ವಾರ 16 ಪಂದ್ಯ. ಗುರುವಾರ ರಾತ್ರಿ ಒಂದು, ಸೋಮವಾರ ರಾತ್ರಿ ಒಂದು, ಮಿಕ್ಕಿದ್ದೆಲ್ಲ ಸಾಮಾನ್ಯವಾಗಿ ಭಾನುವಾರ.

ಆಫೀಸುಗಳಲ್ಲಿ ನಡೆಯೋ ಪೈಪೋಟಿ ಸರಳ. ಪಂದ್ಯ ಶುರುವಾಗೋ ಮೊದಲು ಗೆಲ್ಲೋರ ಹೆಸರು ಬರೀಬೇಕು. ನಮ್ಮಲ್ಲಿ ಇನ್ನೊಂದು ನಿಯಮ ಇದೆ: ಎಷ್ಟು ನಂಬಿಕೆ ಇದೆ ಅಂತಲೂ ಹೇಳಬೇಕು. ತುಂಬ ಖಾತ್ರಿ ಇರೋ ಪಂದ್ಯಕ್ಕೆ 16 ಅಂಕ, ಅದಕ್ಕಿಂತ ಸ್ವಲ್ಪ ಕಡಿಮೆ ಇದ್ದರೆ 15, ಹೀಗೆ ಒಂದರವರೆಗೆ. ಸರಿಯಾದರೆ ಅಷ್ಟು ಅಂಕ, ತಪ್ಪಾದರೆ ಸೊನ್ನೆ. ಎಲ್ಲಾ ಸರಿಯಾದರೆ 136. ದುಡ್ಡಿನ ವ್ಯವಹಾರ ಇಲ್ಲ. ಗೆದ್ದವರು ಶುಕ್ರವಾರದ ಮೀಟಿಂಗಿನಲ್ಲಿ ಚೀಸ್ ತುಂಡಿನ ಆಕಾರದ ಹಳದಿ ಟೋಪಿ ಹಾಕಿಕೊಂಡು ಕೂರಬಹುದು. ವಿಸ್ಕಾನ್ಸಿನ್ ರಾಜ್ಯದಲ್ಲಿ ಅದು ದೊಡ್ಡ ಗೌರವ.

ಮಿಲ್ವಾಕಿಯ ಮೇಷ್ಟ್ರ ಲೆಕ್ಕ

ನನಗೆ ಈ ಆಟ ಮನೆಯಲ್ಲಿ ಬಂದಿದ್ದಲ್ಲ. ಯಾವ ಆಟಗಾರ ಎಂಥವನು ಅಂತ ಗೊತ್ತಿರಲಿಲ್ಲ. ಹಾಗಾಗಿ ಗೊತ್ತಿರೋ ದಾರಿ ಹಿಡಿದೆ, ಲೆಕ್ಕದ ದಾರಿ.

ಚೆಸ್ ಆಟಗಾರರಿಗೆ ರೇಟಿಂಗ್ ಇರುತ್ತಲ್ಲ, 2700, 2800 ಅಂತೆಲ್ಲ? ಆ ಪದ್ಧತಿಗೆ ಎಲೋ ರೇಟಿಂಗ್ ಅಂತ ಹೆಸರು. ಅದನ್ನ ರೂಪಿಸಿದ ಆರ್ಪಾಡ್ ಎಲೋ ಹುಟ್ಟಿದ್ದು ಹಂಗರಿಯಲ್ಲಿ, ಭೌತಶಾಸ್ತ್ರ ಪಾಠ ಮಾಡಿದ್ದು ಇದೇ ಮಿಲ್ವಾಕಿಯ ಮಾರ್ಕೆಟ್ ವಿಶ್ವವಿದ್ಯಾಲಯದಲ್ಲಿ. ಅಮೆರಿಕದ ಚೆಸ್ ಸಂಸ್ಥೆ 1960ರಲ್ಲಿ, ವಿಶ್ವ ಚೆಸ್ ಸಂಸ್ಥೆ 1970ರಲ್ಲಿ ಅದನ್ನ ಒಪ್ಪಿಕೊಂಡವು. ನಮ್ಮೂರಿನ ಮೇಷ್ಟ್ರು ಅನ್ನೋ ಸಲುಗೆಯಿಂದಲೇ ನಾನೂ ಅದನ್ನ ಆರಿಸಿಕೊಂಡೆ.

ಲೆಕ್ಕ ಹೀಗಿದೆ. ಪ್ರತಿ ತಂಡಕ್ಕೂ ಒಂದು ಸಂಖ್ಯೆ, ಸರಾಸರಿ ತಂಡಕ್ಕೆ 1500. ಗೆದ್ದರೆ ಏರುತ್ತೆ, ಸೋತರೆ ಇಳಿಯುತ್ತೆ. ಬಲವಾದ ತಂಡವನ್ನ ಸೋಲಿಸಿದರೆ ಜಾಸ್ತಿ ಏರುತ್ತೆ. ದುರ್ಬಲ ತಂಡವನ್ನ ಸೋಲಿಸಿದರೆ ಚೂರು ಮಾತ್ರ. ಎರಡು ತಂಡಗಳ ನಡುವಿನ ವ್ಯತ್ಯಾಸ ನೋಡಿ ಗೆಲ್ಲೋ ಸಾಧ್ಯತೆ ಹೇಳಬಹುದು. ವ್ಯತ್ಯಾಸ ಸೊನ್ನೆ ಇದ್ದರೆ 50-50. ನೂರು ಇದ್ದರೆ ಮೇಲಿನ ತಂಡಕ್ಕೆ 64 ಪರ್ಸೆಂಟ್. ಇನ್ನೂರು ಇದ್ದರೆ 76.

ತವರು ನೆಲದಲ್ಲಿ ಆಡೋರಿಗೆ ನಾನು 50 ಸೇರಿಸಿದೆ. ಅದರ ಬೆಲೆ ಸುಮಾರು 57 ಪರ್ಸೆಂಟ್. ತವರಿನ ಅನುಕೂಲ ಅನ್ನೋದು ಬರೀ ನಂಬಿಕೆ ಅಲ್ಲ. ಕ್ಯಾನ್ಸಸ್ ಸಿಟಿಯ ಆರೋಹೆಡ್ ಕ್ರೀಡಾಂಗಣದಲ್ಲಿ 2014ರಲ್ಲಿ ಜನರ ಕೂಗು 142.2 ಡೆಸಿಬೆಲ್ ಮುಟ್ಟಿ ಗಿನ್ನೆಸ್ ದಾಖಲೆ ಆಯ್ತು. ಆ ಗದ್ದಲದಲ್ಲಿ ಎದುರಾಳಿ ಕ್ವಾರ್ಟರ್‌ಬ್ಯಾಕ್ ಹೇಳಿದ್ದು ಪಕ್ಕದವನಿಗೂ ಕೇಳಿಸಲ್ಲ. ಕೋವಿಡ್ ಕಾಲದ 2020ರ ಸೀಸನ್ನಿನಲ್ಲಿ ಹೆಚ್ಚಿನ ಕ್ರೀಡಾಂಗಣಗಳು ಖಾಲಿ ಇದ್ದವು ಅಥವಾ ಅರ್ಧಂಬರ್ಧ ತುಂಬಿದ್ದವು. ಆ ವರ್ಷ ತವರು ತಂಡಗಳು ಗೆದ್ದಿದ್ದು 127, ಸೋತಿದ್ದು 128, ಒಂದು ಟೈ. ಅನುಕೂಲ ಮಾಯ.

ಇಷ್ಟೆಲ್ಲ ಹಾಕಿ ರನ್ ಕೊಟ್ಟಾಗ 16 ಹೆಸರು, 16 ಪರ್ಸೆಂಟೇಜ್ ಬಂತು. ನನಗೆ ಎಷ್ಟು ಖುಷಿ ಆಯ್ತು ಅಂದ್ರೆ, ಆ ಪರ್ಸೆಂಟೇಜುಗಳನ್ನ ಸರಿಯಾಗಿ ಓದೋದನ್ನೇ ಮರೆತೆ.

ಗುರುವಾರ: 16 ಅಂಕ ಹೋಯ್ತು

ಸೀಸನ್ನಿನ ಮೊದಲ ಪಂದ್ಯ. ಅದೇ ಆರೋಹೆಡ್‌ನಲ್ಲಿ, ಆಗಿನ ಚಾಂಪಿಯನ್ ಕ್ಯಾನ್ಸಸ್ ಸಿಟಿ ಚೀಫ್ಸ್‌ಗೆ ಎದುರಾಳಿ ಡೆಟ್ರಾಯಿಟ್ ಲಯನ್ಸ್. ನನ್ನ ಲೆಕ್ಕದಲ್ಲಿ ಚೀಫ್ಸ್ 1670, ಲಯನ್ಸ್ 1520, ತವರಿನ 50 ಸೇರಿ ವ್ಯತ್ಯಾಸ ಇನ್ನೂರು. ಅಂದ್ರೆ 76 ಪರ್ಸೆಂಟ್. ನಾನು 16 ಅಂಕ ಇಲ್ಲೇ ಇಟ್ಟೆ.

ಪಂದ್ಯಕ್ಕೆ ಎರಡು ದಿನ ಮೊದಲು, ಪ್ರಾಕ್ಟೀಸಿನಲ್ಲಿ ಚೀಫ್ಸ್‌ನ ಟ್ರಾವಿಸ್ ಕೆಲ್ಸಿ ಮೊಣಕಾಲಿಗೆ ಪೆಟ್ಟು ಮಾಡಿಕೊಂಡ. ನನ್ನ ಪ್ರೋಗ್ರಾಂಗೆ ಮೊಣಕಾಲು ಅಂದ್ರೇನು ಅಂತ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಹಳೇ ಸ್ಕೋರು ಮಾತ್ರ. ಪಂದ್ಯದಲ್ಲಿ ಚೀಫ್ಸ್‌ನ ಇನ್ನೊಬ್ಬ ಆಟಗಾರನ ಕೈಗೆ ಬಂದ ಚೆಂಡು ಜಾರಿ, ಪುಟಿದು, ಡೆಟ್ರಾಯಿಟ್‌ನ ಹೊಸ ಹುಡುಗನೊಬ್ಬನ ಕೈ ಸೇರಿತು. ಅವನು ಓಡಿ ಟಚ್‌ಡೌನ್ ಮಾಡಿದ. ಕೊನೆಗೆ 21-20. ಒಂದೇ ಒಂದು ಅಂಕದಲ್ಲಿ ಚಾಂಪಿಯನ್ನರು ಸೋತರು, ನನ್ನ 16 ಅಂಕ ಹೋಯ್ತು.

ಭಾನುವಾರ: ಬುದ್ಧಿವಂತಿಕೆ ಮಾಡಿದ್ದು

ಭಾನುವಾರ ಬೆಂಗಾಲ್ಸ್ ಅಂದೆ, ಬ್ರೌನ್ಸ್ 24-3ರಲ್ಲಿ ಗೆದ್ದರು. ವೈಕಿಂಗ್ಸ್ ಅಂದೆ, ಬಕನೀರ್ಸ್ 20-17. ಸೀಹಾಕ್ಸ್ ಅಂದೆ, ರ‍್ಯಾಮ್ಸ್ 30-13. ಬ್ರಾಂಕೋಸ್ ಅಂದೆ, ರೈಡರ್ಸ್ 17-16. ಚಾರ್ಜರ್ಸ್ ಅಂದೆ, ಡಾಲ್ಫಿನ್ಸ್ 36-34. ಸರಿಯಾದವೂ ಇದ್ದವು: ಈಗಲ್ಸ್, ರೇವನ್ಸ್, 49ಅರ್ಸ್, ಜಾಗ್ವಾರ್ಸ್, ಫಾಲ್ಕನ್ಸ್, ಕಮಾಂಡರ್ಸ್, ನ್ಯೂಯಾರ್ಕಿನ ಜೈಂಟ್ಸ್‌ಗೆ 40-0 ಹೊಡೆದ ಕೌಬಾಯ್ಸ್. ಸೇಂಟ್ಸ್ 16-15ರಲ್ಲಿ ಪಾರಾದರು. ಆ ಒಂದಂಕದ ಗೆಲುವನ್ನ ನಾನು "ನನ್ನ ಮಾಡೆಲ್ ಸರಿ" ಅಂತ ಬರೆದುಕೊಂಡೆ. ರೈಡರ್ಸ್ ಒಂದಂಕದಲ್ಲಿ ಗೆದ್ದಿದ್ದನ್ನ ಮಾತ್ರ "ಅದೃಷ್ಟ" ಅಂದೆ. ಈಗ ಯೋಚಿಸಿದರೆ ನಗು ಬರುತ್ತೆ.

ನಿಜವಾದ ಪೆಟ್ಟು ಬಿದ್ದಿದ್ದು ಶಿಕಾಗೋದಲ್ಲಿ. ನಮ್ಮ ರಾಜ್ಯದ ತಂಡ ಗ್ರೀನ್ ಬೇ ಪ್ಯಾಕರ್ಸ್. ಸುಮಾರು ಒಂದು ಲಕ್ಷ ಜನರ ಊರು, 80 ಸಾವಿರಕ್ಕೂ ಹೆಚ್ಚು ಸೀಟಿನ ಕ್ರೀಡಾಂಗಣ, ಮತ್ತೆ ಆ ತಂಡಕ್ಕೆ ಶ್ರೀಮಂತ ಮಾಲೀಕ ಯಾರೂ ಇಲ್ಲ. 1923ರಿಂದ ಷೇರು ಕೊಂಡ ಸಾಮಾನ್ಯ ಜನರೇ ಮಾಲೀಕರು. 18 ಸೀಸನ್ ಆ ತಂಡದಲ್ಲಿದ್ದ ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್ ಅದೇ ವರ್ಷ ನ್ಯೂಯಾರ್ಕ್ ಜೆಟ್ಸ್‌ಗೆ ಹೋಗಿದ್ದ. ಅವನ ಜಾಗಕ್ಕೆ ಜೋರ್ಡನ್ ಲವ್ ಬಂದಿದ್ದ.

ಶಿಕಾಗೋ ಬೇರ್ಸ್ ವಿರುದ್ಧ ನನ್ನ ಪ್ರೋಗ್ರಾಂ ಹೇಳಿದ್ದು ಪ್ಯಾಕರ್ಸ್ ಅಂತಲೇ. ನಾನು ಅಲ್ಲಿ ಬುದ್ಧಿವಂತಿಕೆ ಮಾಡಿದೆ. "ಹೊಸ ಕ್ವಾರ್ಟರ್‌ಬ್ಯಾಕ್, ಇದನ್ನ ಪ್ರೋಗ್ರಾಂ ಗಮನಿಸಿಲ್ಲ" ಅಂತ ನನ್ನ ಕೈಯಾರೆ ಪ್ಯಾಕರ್ಸ್ ರೇಟಿಂಗ್ ಇಳಿಸಿದೆ. ಬೇರ್ಸ್‌ಗೆ 53 ಪರ್ಸೆಂಟ್ ಬಂತು. ವಿಸ್ಕಾನ್ಸಿನ್‌ನಲ್ಲಿ ಕೂತು ಶಿಕಾಗೋ ಗೆಲ್ಲುತ್ತೆ ಅಂತ ಬರೆದವನು ಇಡೀ ಆಫೀಸಿನಲ್ಲಿ ನಾನೊಬ್ಬನೇ. ಲವ್ ಮೂರು ಟಚ್‌ಡೌನ್ ಪಾಸ್ ಎಸೆದ. ಪ್ಯಾಕರ್ಸ್ 38, ಬೇರ್ಸ್ 20.

ಟೆಸ್ಟಿಂಗ್ ಟೀಮಿನ ಆ ಹೆಂಗಸು ಗ್ರೀನ್ ಬೇ ಊರಿನವರು. ಅವರ ಸೂತ್ರ ಏನು ಗೊತ್ತಾ? ಪ್ಯಾಕರ್ಸ್ ಯಾವತ್ತೂ, ಶಿಕಾಗೋ ಯಾವತ್ತೂ ಅಲ್ಲ, ಮಿಕ್ಕಿದ್ದಕ್ಕೆ ಪೇಪರ್ ನೋಡೋದು.

ಸೋಮವಾರ ರಾತ್ರಿ: ನಾಲ್ಕನೇ ಆಟ

ಕೊನೆಯ ಪಂದ್ಯ, ಜೆಟ್ಸ್ ಮತ್ತು ಬಫಲೋ ಬಿಲ್ಸ್. ಜೆಟ್ಸ್ ಪರ ರಾಜರ್ಸ್‌ನ ಮೊದಲ ಪಂದ್ಯ. ನಮ್ಮೂರಿನ ಬಾರಿನಲ್ಲಿ ಅವನನ್ನ ಬೈಯೋಕೆ ಅಂತಲೇ ಕೆಲವರು ಬಂದಿದ್ದರು. ನಾನು ಬರೆದಿದ್ದು ಬಿಲ್ಸ್, 55 ಪರ್ಸೆಂಟ್.

ರಾಜರ್ಸ್ ಮೈದಾನಕ್ಕಿಳಿದು ನಾಲ್ಕನೇ ಆಟಕ್ಕೇ ನೆಲಕ್ಕೆ ಬಿದ್ದ. ಎಡ ಹಿಮ್ಮಡಿಯ ಮೇಲಿನ ಸ್ನಾಯುಬಂಧ ಹರಿದಿತ್ತು. ಸೀಸನ್ ಮುಗಿದೇ ಹೋಯ್ತು. ಬೈಯೋಕೆ ಬಂದವರೂ ಸುಮ್ಮನಾದರು. ನನ್ನ ತಲೆಯಲ್ಲಿ ಆ ಕ್ಷಣ ಬಂದಿದ್ದು ಒಂದೇ: "ಸರಿ, ಬಿಲ್ಸ್ ಗ್ಯಾರಂಟಿ, 9 ಆಯ್ತು." ಒಬ್ಬ ಮನುಷ್ಯ ಕಾಲು ಹಿಡಿದುಕೊಂಡು ಕೂತಿದ್ದಾನೆ, ನಾನು ಅಂಕ ಕೂಡ್ತಾ ಇದ್ದೀನಿ. ಇದನ್ನ ಬರೆಯೋಕೆ ಮುಜುಗರ ಆಗುತ್ತೆ, ಆದರೆ ನಡೆದಿದ್ದು ಹಾಗೇ.

ಆಮೇಲೆ ಬಿಲ್ಸ್ ಕ್ವಾರ್ಟರ್‌ಬ್ಯಾಕ್ ಜಾಶ್ ಆಲನ್ ಎಸೆದ ಮೂರು ಚೆಂಡು ಎದುರಾಳಿಯ ಕೈ ಸೇರಿದವು. 16-16 ಆಗಿ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಯ್ತು. ಯಾವ ತಂಡವೂ ಡ್ರಾಫ್ಟಿನಲ್ಲಿ ಆರಿಸದೆ ಬಿಟ್ಟಿದ್ದ ಜೇವಿಯರ್ ಗಿಪ್ಸನ್ ಅನ್ನೋ ಹೊಸ ಹುಡುಗ, ಬಿಲ್ಸ್ ದೂರಕ್ಕೆ ಒದ್ದ ಚೆಂಡನ್ನ ಹಿಡಿದು 65 ಗಜ ಓಡಿ ಗೆರೆ ದಾಟಿದ. ಜೆಟ್ಸ್ 22, ಬಿಲ್ಸ್ 16. ರಾಜರ್ಸ್ ಇಲ್ಲದೆಯೇ.

ನನ್ನದು 8ಕ್ಕೆ ನಿಂತಿತು.

ತಪ್ಪಿದ್ದು ಲೆಕ್ಕವೋ, ನಾನೋ?

ಆ ವಾರವೆಲ್ಲ ಕೋಡ್‌ನಲ್ಲಿ ಬಗ್ ಹುಡುಕಿದೆ. ಸಿಗಲಿಲ್ಲ. ಆಮೇಲೆ ಒಂದು ಸಂಜೆ ಕೂತು, ಮೊದಲೇ ಮಾಡಬೇಕಿದ್ದ ಲೆಕ್ಕ ಮಾಡಿದೆ.

ಎನ್‌ಎಫ್‌ಎಲ್‌ನಲ್ಲಿ ಫೇವರಿಟ್ ಅನ್ನಿಸಿಕೊಂಡ ತಂಡ ಗೆಲ್ಲೋದು ಹೆಚ್ಚು ಕಡಿಮೆ ಮೂರು ಸಲಕ್ಕೆ ಎರಡು ಸಲ. ಅಂದ್ರೆ ಯಾವಾಗಲೂ ಫೇವರಿಟ್ ಹೆಸರನ್ನೇ ಬರೆಯೋ ಜಾಣ 16ಕ್ಕೆ ಸುಮಾರು 11 ಸರಿ ಮಾಡ್ತಾನೆ. ಆದರೆ ಅದು ಸರಾಸರಿ. ಎಲ್ಲಾ 16 ಸರಿ ಬರೋದು ಸುಮಾರು 657 ವಾರಕ್ಕೊಮ್ಮೆ. ಒಂದು ಸೀಸನ್ನಿಗೆ 18 ವಾರ ಅಂದರೆ 36 ವರ್ಷಕ್ಕೊಂದು ಸಲ! ಇನ್ನು 8 ಅಥವಾ ಅದಕ್ಕಿಂತ ಕಡಿಮೆ ಬರೋದು? ಎಂಟು ವಾರಕ್ಕೊಮ್ಮೆ. ಲೆಕ್ಕದಲ್ಲಿ ಏನೂ ತಪ್ಪಿಲ್ಲದಿದ್ದರೂ ಸೀಸನ್ನಿನಲ್ಲಿ ಎರಡು ಸಲ ನಾನು ಹಾಗೆ ಮುಖ ಮುಚ್ಚಿಕೊಳ್ಳಬೇಕಾಗುತ್ತೆ. ಮೊದಲ ವಾರವೇ ಬಂತು, ಅಷ್ಟೇ.

ಹಾಗಾದರೆ ತಪ್ಪು ಎಲ್ಲಿ? ಪ್ರೋಗ್ರಾಂ "76" ಅಂದಿತ್ತು. ನಾನು ಅದನ್ನ "ಗೆಲ್ಲುತ್ತೆ" ಅಂತ ಓದಿಕೊಂಡೆ. ಮಿಕ್ಕ 24 ಅಂದ್ರೆ ನಾಲ್ಕು ಸಲಕ್ಕೆ ಒಂದು ಸಲ. ನಾಲ್ಕು ದಿನಕ್ಕೊಮ್ಮೆ ಆಫೀಸ್ ಬಸ್ ತಪ್ಪಿಸಿಕೊಳ್ಳೋನಿಗೆ "ಇವನು ಯಾವತ್ತೂ ಲೇಟು" ಅಂತಾರೆ. ಆದರೆ 24 ಪರ್ಸೆಂಟ್ ಅಂತ ಸ್ಕ್ರೀನ್ ಮೇಲೆ ನೋಡಿದರೆ ನಮ್ಮ ಮನಸ್ಸು ಅದನ್ನ ಸೊನ್ನೆ ಮಾಡಿಬಿಡುತ್ತೆ.

ಭವಿಷ್ಯ ಹೇಳೋರನ್ನ ಅಳೆಯೋಕೆ ಬ್ರಯರ್ ಸ್ಕೋರ್ ಅಂತ ಒಂದು ವಿಧಾನ ಇದೆ. ಅದನ್ನ ದಂಡ ಅಂತ ಅಂದುಕೊಳ್ಳಿ. ನೀವು 76 ಪರ್ಸೆಂಟ್ ಅಂದು ಸರಿಯಾದರೆ ದಂಡ 0.06. ತಪ್ಪಾದರೆ 0.58. "ಗೊತ್ತಿಲ್ಲ, 50-50" ಅಂದರೆ ಏನೇ ಆದರೂ 0.25. "ನೂರಕ್ಕೆ ನೂರು" ಅಂದು ತಪ್ಪಾದರೆ ಪೂರ್ತಿ 1. ಇಲ್ಲಿ ದೊಡ್ಡ ಪೆಟ್ಟು ತಿನ್ನೋನು ಕಡಿಮೆ ಗೊತ್ತಿರೋನಲ್ಲ, ಗೊತ್ತಿರೋದಕ್ಕಿಂತ ಜಾಸ್ತಿ ಖಾತ್ರಿ ಇಟ್ಟುಕೊಂಡೋನು.

ಅಲ್ಲಿಂದ ನಾನು ಪ್ರತಿ ವಾರ ಎಷ್ಟು ಸರಿ ಅಂತ ಎಣಿಸೋದು ಬಿಟ್ಟು ಬೇರೆ ಪಟ್ಟಿ ಇಟ್ಟೆ. 60ರಿಂದ 70 ಪರ್ಸೆಂಟ್ ಅಂತ ನಾನು ಹೇಳಿದ ಪಂದ್ಯಗಳಲ್ಲಿ ನಿಜವಾಗಿ ಎಷ್ಟು ಸರಿಯಾದವು? ಹತ್ತು ವಾರ ಮುಗಿಯೋ ಹೊತ್ತಿಗೆ ಅಂಥವು 47 ಇದ್ದವು, ಸರಿಯಾಗಿದ್ದು 30. ಹೆಚ್ಚು ಕಡಿಮೆ 64 ಪರ್ಸೆಂಟ್. ಅವತ್ತು ನಾನು ಚೀಸ್ ಟೋಪಿ ಗೆದ್ದಷ್ಟೇ ಖುಷಿಪಟ್ಟೆ. ಯಾರು ಗೆಲ್ತಾರೆ ಅನ್ನೋದು ನನಗೆ ಗೊತ್ತಿಲ್ಲ, ಆದರೆ ಎಷ್ಟು ಗೊತ್ತಿಲ್ಲ ಅನ್ನೋದು ಸರಿಯಾಗಿ ಗೊತ್ತಾಗ್ತಾ ಇತ್ತು.

ತಿಪಟೂರಿನಿಂದ ಫೋನು

ನವೆಂಬರ್ 18, ಶನಿವಾರ ಬೆಳಿಗ್ಗೆ ಹತ್ತೂವರೆ. ತಿಪಟೂರಿನಲ್ಲಿ ರಾತ್ರಿ ಹತ್ತು. ಚಿಕ್ಕಪ್ಪನ ಮಗ ಫೋನ್ ಮಾಡಿದ. 26 ವರ್ಷ, ಸಣ್ಣ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಮಾರನೇ ದಿನ ಅಹಮದಾಬಾದಿನಲ್ಲಿ ವಿಶ್ವಕಪ್ ಫೈನಲ್. ಭಾರತ ಆಡಿದ ಹತ್ತಕ್ಕೆ ಹತ್ತೂ ಗೆದ್ದಿತ್ತು. ಆಸ್ಟ್ರೇಲಿಯಾವನ್ನೂ ಚೆನ್ನೈನಲ್ಲಿ ಒಂದು ಸಲ ಸೋಲಿಸಿ ಆಗಿತ್ತು.

"ಅಣ್ಣ, ನೀನು ಏನೋ ಸಾಫ್ಟ್‌ವೇರ್ ಮಾಡಿದ್ದೀಯಂತೆ, ಮ್ಯಾಚ್ ಯಾರು ಗೆಲ್ತಾರೆ ಅಂತ ಹೇಳುತ್ತಂತೆ?"

"ಅದು ಇಲ್ಲಿನ ಆಟಕ್ಕೆ ಕಣೋ. ಯಾಕೆ?"

"ನಾಳೆದು ಹಾಕಿ ನೋಡು. ಇಂಡಿಯಾ ಪಕ್ಕಾ ಅಲ್ವಾ?"

ದನಿಯಲ್ಲೇ ಏನೋ ಇತ್ತು. ಕೆದಕಿ ಕೇಳಿದೆ. ಫ್ಯಾಂಟಸಿ ಆ್ಯಪ್‌ಗಳಲ್ಲಿ ಐವತ್ತು, ನೂರು ಅಂತ ಶುರು ಮಾಡಿದವನು, ಆಮೇಲೆ ಯಾರದೋ ಮೂಲಕ ಬುಕ್ಕಿ ಹತ್ತಿರ ಬೆಟ್ ಕಟ್ಟೋಕೆ ಹೋಗಿದ್ದ. ಒಟ್ಟು ಲಕ್ಷದ ಹತ್ತಿರ ಕಳೆದುಕೊಂಡಿದ್ದ. ಅಂಗಡಿಗೆ ಮಾಲು ತರೋ ದುಡ್ಡು ಅದು. ಈಗ ಎಲ್ಲಾ ಒಂದೇ ಸಲಕ್ಕೆ ವಾಪಸ್ ಬರುತ್ತೆ ಅಂತ ಅವನ ಲೆಕ್ಕ. ಚಿಕ್ಕಮ್ಮನ ಬಳೆ ಸೋಮವಾರ ಬಿಡಿಸಿಕೊಂಡರೆ ಆಯ್ತು ಅಂತ, ಅಡ ಇಟ್ಟು ದುಡ್ಡು ತರೋಕೆ ಬೀದಿಯ ಫೈನಾನ್ಸ್‌ನವರ ಹತ್ತಿರ ಮಾತಾಡಿಟ್ಟಿದ್ದ. ಚಿಕ್ಕಮ್ಮನಿಗೆ ಹೇಳಿರಲಿಲ್ಲ.

ಬೈಯಬೇಕು ಅನ್ನಿಸಿತು. ಬೈದರೆ ಫೋನ್ ಇಡ್ತಾನೆ, ನಾಳೆ ಮಾಡೋದು ಮಾಡೇ ಮಾಡ್ತಾನೆ ಅಂತಲೂ ಗೊತ್ತಿತ್ತು. ಹಾಗಾಗಿ ಕೇಳಿದ್ದಕ್ಕೆ ಉತ್ತರ ಕೊಟ್ಟೆ. ಆ ಟೂರ್ನಿಯ ಸ್ಕೋರುಗಳನ್ನ ಅದೇ ರೀತಿ ಹಾಕಿ ನೋಡಿದೆ. "ಇಂಡಿಯಾ 65 ಪರ್ಸೆಂಟ್" ಅಂದೆ.

"ಅಂದ್ರೆ ಗೆಲ್ತಾರೆ ಅಂತ ತಾನೇ?"

ಎರಡು ತಿಂಗಳ ಹಿಂದೆ ನಾನು ಓದಿದ ಹಾಗೇ ಅವನೂ ಓದಿದ್ದ! ಆಗ ನನಗೆ ಆ ಹಾಳೆ ನೆನಪಾಯ್ತು. ಫೋನಿನಲ್ಲಿ ಹುಡುಕಿ ಕಳಿಸಿದೆ. "ನೋಡು, ನಾನು ಇಂಜಿನಿಯರಿಂಗ್ ಓದಿ, ಎರಡು ವಾರ ಕೂತು, ಲೆಕ್ಕ ಹಾಕಿ ಹೇಳಿದ್ದು ಇದು. 16ರಲ್ಲಿ 8. ಇದರಲ್ಲಿ 76 ಪರ್ಸೆಂಟ್ ಅಂದಿದ್ದೂ ಸೋತಿದೆ. ನಾಳೆದು 65. ಒಂದು ಚೀಲದಲ್ಲಿ ನೂರು ಗೋಲಿ ಹಾಕಿದ್ದೀನಿ ಅಂದುಕೋ, 65 ನೀಲಿ, 35 ಹಳದಿ. ಕಣ್ಣು ಮುಚ್ಚಿ ಒಂದು ತೆಗಿ. ಹಳದಿ ಬಂದರೆ ಅಮ್ಮನ ಬಳೆ ಹೋಗುತ್ತೆ. ಕೈ ಹಾಕ್ತೀಯಾ?"

ಅವನು ಮಾತಾಡಲಿಲ್ಲ.

ಇನ್ನೊಂದು ಲೆಕ್ಕವನ್ನೂ ಹೇಳಿದೆ. ಇಲ್ಲಿ ಅಮೆರಿಕದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಹಲವು ರಾಜ್ಯಗಳಲ್ಲಿ ಬೆಟ್ಟಿಂಗ್ ಕಾನೂನುಬದ್ಧ. ಬರೀ ಗೆಲ್ಲೋರ ಹೆಸರು ಹೇಳಿದರೆ ಸಾಲದು, ಎಷ್ಟು ಅಂಕದ ಅಂತರ ಅಂತ ಕಂಪನಿ ಒಂದು ಗೆರೆ ಹಾಕುತ್ತೆ. ಆ ಗೆರೆಯ ಎರಡೂ ಕಡೆ ಹೆಚ್ಚು ಕಡಿಮೆ ಸಮ ಸಮ ಸಾಧ್ಯತೆ. ನೀವು ನೂರು ಡಾಲರ್ ಗೆಲ್ಲೋಕೆ ಸಾಮಾನ್ಯವಾಗಿ 110 ಇಡಬೇಕು. ಅಂದ್ರೆ ನೂರಕ್ಕೆ 52ಕ್ಕಿಂತ ಜಾಸ್ತಿ ಸಲ ಸರಿ ಹೇಳದಿದ್ದರೆ ನಷ್ಟ. 50 ಸಲ ಸರಿ ಹೇಳೋದು ಎಲ್ಲರಿಗೂ ಬರುತ್ತೆ. ಆ ಮೇಲಿನ ಎರಡು ಮೂರಕ್ಕೆ ಅವರ ಕಡೆ ಪೂರ್ತಿ ಕಂಪನಿ ಕೂತಿರುತ್ತೆ, ನಮ್ಮ ಕಡೆ ನಾವೊಬ್ಬರೇ. "ಕಾನೂನು ಪ್ರಕಾರ ನಡೆಸೋರೇ ಹೀಗೆ ಕಣೋ. ನಿನ್ನ ಬುಕ್ಕಿ ಇನ್ನೆಷ್ಟು ಇಟ್ಟುಕೊಂಡಿರ್ತಾನೆ ಯೋಚಿಸು" ಅಂದೆ.

"ಸರಿ ಅಣ್ಣ, ನೋಡ್ತೀನಿ" ಅಂದ. ನೋಡ್ತೀನಿ ಅಂದ್ರೆ ಏನು ಅಂತ ನಮ್ಮ ಕಡೆಯವರಿಗೆಲ್ಲ ಗೊತ್ತು. ಫೋನ್ ಇಟ್ಟ ಮೇಲೆ ಚಿಕ್ಕಪ್ಪನಿಗೆ ಹೇಳಿಬಿಡೋಣ ಅಂತ ಎರಡು ಸಲ ನಂಬರ್ ತೆಗೆದೆ, ಎರಡು ಸಲ ಬಿಟ್ಟೆ. ಅದು ಸರಿಯೋ ತಪ್ಪೋ ಇವತ್ತಿಗೂ ತೀರ್ಮಾನ ಆಗಿಲ್ಲ.

ಹಳದಿ ಗೋಲಿ

ಫೈನಲ್ ಶುರುವಾದಾಗ ಇಲ್ಲಿ ಬೆಳಗಿನ ಜಾವ ಎರಡೂವರೆ. ನಿದ್ದೆ ಮಾಡಲಿಲ್ಲ. ಭಾರತ 240ಕ್ಕೆ ಆಲೌಟ್. ನಮ್ಮ ಕೆ.ಎಲ್. ರಾಹುಲ್ 107 ಎಸೆತ ಆಡಿ 66 ಮಾಡಿದ್ದೇ ಅತಿ ಹೆಚ್ಚು. ಟ್ರಾವಿಸ್ ಹೆಡ್ 137 ಹೊಡೆದ. ಆಸ್ಟ್ರೇಲಿಯಾ ಆರು ವಿಕೆಟ್‌ನಿಂದ ಗೆದ್ದಿತು. ಹಳದಿ ಜೆರ್ಸಿಯವರು ಕುಣೀತಾ ಇದ್ದರೆ ನನಗೆ ಕಪ್ ಹೋಗಿದ್ದಕ್ಕಿಂತ ಬಳೆಯದೇ ಯೋಚನೆ.

ಒಂದು ಗಂಟೆ ಬಿಟ್ಟು ಅವನದೇ ಮೆಸೇಜ್ ಬಂತು. "ಬಳೆ ಇಡಲಿಲ್ಲ ಅಣ್ಣ. ಕೈಯಲ್ಲಿದ್ದ ಐದು ಸಾವಿರ ಹಾಕಿದ್ದೆ, ಹೋಯ್ತು." ಸ್ವಲ್ಪ ಹೊತ್ತಿಗೆ ಇನ್ನೊಂದು: "35ಕ್ಕೂ ಬರುತ್ತೆ ಅಂತ ನೀನು ಹೇಳಿದ್ದೆ."

ಪೂರ್ತಿ ಬಿಟ್ಟ ಅಂತ ನಾನು ಹೇಳಲ್ಲ. ಮುಂದಿನ ವರ್ಷ ಐಪಿಎಲ್ ಹೊತ್ತಿಗೆ ಮತ್ತೆ ಒಂದೆರಡು ಸಲ ಜಾರಿದ. ಆ ಸಂಕ್ರಾಂತಿಗೆ ಊರಿಗೆ ಹೋದಾಗ ಇಬ್ಬರೂ ಕೂತು ಚಿಕ್ಕಪ್ಪ, ಚಿಕ್ಕಮ್ಮನಿಗೆ ಸಾಲದ ವಿಷಯ ಹೇಳಿದ್ದೆವು. ಚಿಕ್ಕಮ್ಮ ಮೂರು ದಿನ ಅವನ ಹತ್ತಿರ ಮಾತಾಡಲಿಲ್ಲ. ಆಮೇಲೆ ಅಂಗಡಿಯ ಲೆಕ್ಕದ ಪುಸ್ತಕ ತಾವೇ ಇಟ್ಟುಕೊಂಡರು. 2025ರ ಆಗಸ್ಟ್‌ನಲ್ಲಿ ನಮ್ಮ ಸಂಸತ್ತು ದುಡ್ಡು ಹಾಕಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸೋ ಕಾಯ್ದೆ ಪಾಸ್ ಮಾಡಿತು. ಕಾಯ್ದೆ ಬಂದಿದ್ದು ಒಳ್ಳೆಯದೇ. ಆದರೆ ಅವನನ್ನ ಹೆಚ್ಚು ಹಿಡಿದಿಟ್ಟಿದ್ದು ಚಿಕ್ಕಮ್ಮನ ಪುಸ್ತಕ ಅಂತ ನನ್ನ ಅನಿಸಿಕೆ.

ಆ 2023ರ ಸೀಸನ್ ಕೊನೆಗೆ ಏನಾಯ್ತು ಅಂತ ಕೇಳ್ತೀರಾ? ಮೊದಲ ದಿನವೇ ಸೋತು ನನ್ನ 16 ಅಂಕ ಕಳೆದ ಚೀಫ್ಸ್, ಫೆಬ್ರವರಿಯಲ್ಲಿ ಮತ್ತೆ ಚಾಂಪಿಯನ್ ಆದರು. ನನ್ನ ಪ್ರೋಗ್ರಾಂ ಅವರು ಬಲವಾದ ತಂಡ ಅಂದಿದ್ದು ಸರಿಯಾಗೇ ಇತ್ತು. ಬಲವಾದ ತಂಡ ಗುರುವಾರ ರಾತ್ರಿ ಗೆದ್ದೇ ಗೆಲ್ಲುತ್ತೆ ಅಂತ ಅಂದುಕೊಂಡಿದ್ದು ನಾನು. ಒಟ್ಟು 272 ಪಂದ್ಯಗಳಲ್ಲಿ ನನ್ನದು 171 ಸರಿ ಆದವು, 63 ಪರ್ಸೆಂಟ್. ನಮ್ಮ ಟೆಸ್ಟಿಂಗ್ ಟೀಮಿನ ಹಿರಿಯರು ನನಗಿಂತ ನಾಲ್ಕು ಜಾಸ್ತಿ ಮಾಡಿ ಇಡೀ ಸೀಸನ್ನಿನ ಟೋಪಿ ಒಯ್ದರು.

ಈಗಲೂ ಸೆಪ್ಟೆಂಬರ್ ಬಂದರೆ ನಾನು ಹಾಳೆ ತುಂಬಿ ಕೊಡ್ತೀನಿ. ಬೇರ್ಸ್ ಹೆಸರು ಮಾತ್ರ ಬರೆಯಲ್ಲ, ಅದು ಲೆಕ್ಕದ ಪ್ರಶ್ನೆ ಅಲ್ಲ, ಆಫೀಸಿನಲ್ಲಿ ಬದುಕೋ ಪ್ರಶ್ನೆ. ಭಾನುವಾರ ಬೆಳಿಗ್ಗೆ ಒಮ್ಮೊಮ್ಮೆ ತಿಪಟೂರಿನಿಂದ ಮೆಸೇಜ್ ಬರುತ್ತೆ: "ಅಣ್ಣ, ಈ ವಾರ ಯಾರು?" ಅವನಿಗೆ ಆ ತಂಡಗಳ ಹೆಸರೂ ಸರಿಯಾಗಿ ಗೊತ್ತಿಲ್ಲ, ನನ್ನ ಕಾಲೆಳೆಯೋಕೆ ಕೇಳ್ತಾನೆ. ನಾನು ಹೆಸರಿನ ಜೊತೆ ಪರ್ಸೆಂಟ್ ಕಳಿಸ್ತೀನಿ. ಅವನು ನೂರರಲ್ಲಿ ಅದನ್ನ ಕಳೆದು, ಮಿಕ್ಕಿದ್ದನ್ನ ಮಾತ್ರ ವಾಪಸ್ ಬರೆದು ಕಳಿಸ್ತಾನೆ.